ಬೆಳ್ಳಿಗಿವಿಯ ಹಕ್ಕಿಗೆ ಹೆಸರಿಟ್ಟವನು

ಮಧ್ಯ ನೇಪಾಳದಿಂದ ಪೂರ್ವಕ್ಕೆ ಭೂತಾನ, ಅಸ್ಸಾಮಿನ ಬೆಟ್ಟಗಳು, ಬರ್ಮಾ, ದಕ್ಷಿಣ ಚೀನಾಗಳನ್ನು ಹಾಯ್ದು ದೂರದ ಸುಮಾತ್ರಾ ದ್ವೀಪದವರೆಗೆ ಹಬ್ಬಿರುವ ತೇವಭರಿತ ಮಲೆಗಾಡುಗಳಲ್ಲಿ ಒಂದು ಗೇಣಿಗಿಂತಲೂ ಚಿಕ್ಕದಾದ ಹಕ್ಕಿಯೊಂದು ವಾಸಿಸುತ್ತದೆ. ತಲೆ ಕಾಡಿಗೆಯಂತೆ ಕಪ್ಪು, ಕೆನ್ನೆಯ ಮೇಲೆ ಬೆಳ್ಳಿಯ ತಗಡನ್ನು ಕತ್ತರಿಸಿ ಅಂಟಿಸಿದಂತಹ ಮಚ್ಚೆ, ಕೊಕ್ಕು ಹಳದಿ, ಗಂಟಲು ಎದೆಗಳಲ್ಲಿ ಕಿತ್ತಳೆಯ ಕೆಂಪು, ರೆಕ್ಕೆಯಲ್ಲಿ ಹೊನ್ನಿನ ಅಂಚು, ಅದರೊಡನೆ ರಕ್ತವರ್ಣದ ಪಟ್ಟೆ, ಗಂಡಿಗಾದರೆ ಬಾಲದ ಬುಡದಲ್ಲಿಯೂ ಕುಂಕುಮ. ಇಷ್ಟೊಂದು ಬಣ್ಣವನ್ನು ಹೊತ್ತ ಜೀವಿ ಕಣ್ಣಿಗೆ ಸುಲಭವಾಗಿ ಬೀಳಬಹುದೆಂದು ನಾವು ಎಣಿಸುತ್ತೇವೆ. ಆದರೆ ಅದು ಪೊದೆಗಳ ಒಳಹೊಕ್ಕು ಹುಳುಹುಪ್ಪಟೆಗಳನ್ನೂ ಹಣ್ಣುಗಳನ್ನೂ ಆಯುತ್ತ ಗುಂಪುಗುಂಪಾಗಿ ಸಾಗುವಂಥದು; ಮಂಜಿನ ನಡುವಿನಿಂದ ಇಳಿದಿಳಿದು ಬರುವ ಅದರ ಸಿಳ್ಳೆಯ ಹಾಡೇ ಮೊದಲು ಕಿವಿಗೆ ಬೀಳುತ್ತದೆ. ನಮ್ಮ ಹೊಲಗದ್ದೆಗಳಲ್ಲಿ ಏಳೆಂಟು ಒಟ್ಟಾಗಿ ಗದ್ದಲವೆಬ್ಬಿಸುವ ಮಣ್ಣುಬಣ್ಣದ ಹರಟೆಮಲ್ಲ ಹಕ್ಕಿ ಇದೇ ಕುಟುಂಬಕ್ಕೆ ಸೇರಿದ್ದೆಂದರೆ ವಾಚಕರಿಗೆ ಆಶ್ಚರ್ಯವಾದೀತು. ಒಂದೇ ಮನೆತನದಲ್ಲಿ ಒಬ್ಬನಿಗೆ ಪೀತಾಂಬರ, ಇನ್ನೊಬ್ಬನಿಗೆ ಕಂಬಳಿ.

ಈ ಹಕ್ಕಿಯನ್ನು ವಿದ್ವತ್ ಪ್ರಪಂಚಕ್ಕೆ ಮೊದಲು ಪರಿಚಯಿಸಿದವನು ಬ್ರಯನ್ ಹಾಟನ್ ಹಾಡ್ಜ್‌ಸನ್. 1837ರಲ್ಲಿ ಕಲಕತ್ತೆಯ ಇಂಡಿಯಾ ರಿವ್ಯೂ ಎಂಬ ಪತ್ರಿಕೆಯಲ್ಲಿ ಆತ ಅದರ ವರ್ಣನೆಯನ್ನು ಪ್ರಕಟಿಸಿದನು. ಜಾತಿಗೆ ಬೆಳ್ಳಿಗಿವಿಯುಳ್ಳದ್ದು ಎಂಬರ್ಥದ ಲ್ಯಾಟಿನ್ ಹೆಸರನ್ನು ಕೊಟ್ಟನು; ಕುಲಕ್ಕೆ ಮಾತ್ರ ಗ್ರೀಕನ್ನಾಗಲಿ ಲ್ಯಾಟಿನ್ನನ್ನಾಗಲಿ ಹುಡುಕಲು ಹೋಗದೆ, ನೇಪಾಳದ ಬೆಟ್ಟದ ಜನ ಕರೆಯುತ್ತಿದ್ದ ಮೇಸಿಯಾ ಎಂಬ ಹೆಸರನ್ನೇ ಉಳಿಸಿಕೊಂಡನು. ಯುಹಿನಾ, ಮಿನ್ಲಾ, ಕುಟಿಯಾ ಮೊದಲಾದ ಇತರ ಹಿಮಾಲಯದ ಹಕ್ಕಿಗಳ ಕುಲನಾಮಗಳೂ ಹೀಗೆಯೇ ಆತನ ಲೇಖನಿಯ ಮೂಲಕ ಬೆಟ್ಟದ ಬೇಡರ ಬಾಯಿಂದ ವಿಜ್ಞಾನದ ಪುಸ್ತಕವನ್ನು ಸೇರಿದವು. ಇವು ಬರ್ಬರ ಶಬ್ದಗಳೆಂದು ಅಂದಿನ ಶಾಸ್ತ್ರಜ್ಞರಲ್ಲಿ ಕೆಲವರು ಮೂಗು ಮುರಿದದ್ದುಂಟು. ಭಾಷೆಯನ್ನು ಕಲಿಸುವುದೇ ವೃತ್ತಿಯಾಗಿರುವ ನನ್ನ ಕುತೂಹಲ ಈ ಮನುಷ್ಯನತ್ತ ತಿರುಗಿದ್ದು ಇದೊಂದು ಸಂಗತಿಯಿಂದ. ಹಕ್ಕಿಗೆ ಹೆಸರಿಡುವ ಕೆಲಸದಲ್ಲಿಯೂ ದೇಶಭಾಷೆಯ ಪಕ್ಷವನ್ನು ಹಿಡಿದ ಈತನಾರು ಎಂದು ನೋಡಹೊರಟರೆ, ಈತನ ಜೀವನವೆಲ್ಲವೂ ಅದೇ ಪಕ್ಷದಲ್ಲಿ ನಿಂತು ಹೋರಾಡಿದ ಜೀವನವಾಗಿ ಕಂಡಿತು.

ಹಾಡ್ಜ್‌ಸನ್ 1800ರ ಫೆಬ್ರವರಿ 1ರಂದು ಇಂಗ್ಲೆಂಡಿನ ಚೆಷೈರ್ ಸೀಮೆಯ ಪ್ರೆಸ್ಟ್‌ಬರಿ ಎಂಬಲ್ಲಿ ಹುಟ್ಟಿದನು. ತಂದೆ ಅನುಕೂಲಸ್ಥನೇ. ಆದರೆ ಹಣವಿಟ್ಟಿದ್ದ ಬ್ಯಾಂಕು ಮುಳುಗಿದ್ದರಿಂದ ಮನೆತನ ಇದ್ದಕ್ಕಿದ್ದಂತೆ ಬಡತನಕ್ಕೆ ಬಿದ್ದಿತು. ಇಂಥ ಮನೆಗಳ ಹುಡುಗರಿಗೆ ಅಂದು ತೆರೆದಿದ್ದ ಬಾಗಿಲು ಈಸ್ಟ್ ಇಂಡಿಯಾ ಕಂಪೆನಿಯದು. 1816ರಲ್ಲಿ ಆತ ಹೇಲಿಬರಿಯಲ್ಲಿದ್ದ ಕಂಪೆನಿಯ ಕಾಲೇಜನ್ನು ಸೇರಿದನು. ಜನಸಂಖ್ಯೆಯ ಸಿದ್ಧಾಂತದಿಂದ ಪ್ರಸಿದ್ಧನಾದ ಮಾಲ್ಥಸ್ ಅಲ್ಲಿ ಅಧ್ಯಾಪಕ. ಹಾಡ್ಜ್‌ಸನ್ನನ ಮನೆಯವರಿಗೆ ಪರಿಚಿತ. ಹುಡುಗ ಆ ಮಹಾನುಭಾವನ ಆಶ್ರಯದಲ್ಲಿ ಓದಿ, ತರಗತಿಗೇ ಮೊದಲಿಗನಾಗಿ ತೇರ್ಗಡೆ ಹೊಂದಿ, 1818ರಲ್ಲಿ ಕಲಕತ್ತೆಗೆ ಬಂದಿಳಿದನು.

ಬಂದ ಕೆಲವು ಕಾಲಕ್ಕೇ ಬಂಗಾಳದ ಹವೆ ಆತನ ಆರೋಗ್ಯವನ್ನು ಕೆಡಿಸಿತು. ವೈದ್ಯನು ಮೂರು ದಾರಿಗಳನ್ನು ತೋರಿಸಿದನಂತೆ: ಕೆಲಸ ಬಿಟ್ಟು ಸ್ವದೇಶಕ್ಕೆ ಮರಳುವುದು, ಬೆಟ್ಟದ ಸೀಮೆಯಲ್ಲಿ ಹುದ್ದೆ ಹುಡುಕುವುದು, ಇಲ್ಲವೆ ಇಲ್ಲಿಯೇ ಗೋರಿ ಸೇರುವುದು. ಮನೆಗೆ ಹಣ ಕಳುಹಿಸಬೇಕಾದ ಮಗನಿಗೆ ಮೊದಲನೆಯ ದಾರಿ ಮುಚ್ಚಿತ್ತು. ಬೆಟ್ಟದ ಹುದ್ದೆಗಳು ಆಗ ಬೆರಳೆಣಿಕೆಯವು. ಹೇಗೋ ಒಂದು ಒದಗಿತು. 1819ರಲ್ಲಿ ಕುಮಾಊಂ ಪ್ರಾಂತದಲ್ಲಿ ಟ್ರೇಲ್ ಎಂಬ ಅಧಿಕಾರಿಯ ಕೈಕೆಳಗೆ. ಮರುವರ್ಷ ಕಾಠಮಾಂಡುವಿನಲ್ಲಿ ಸಹಾಯಕ ರೆಸಿಡೆಂಟನಾಗಿ. ನಡುವೆ ಬಡ್ತಿ ದೊರೆತು ಕಲಕತ್ತೆಯ ಪಾರಸಿ ಕಚೇರಿಗೆ ಹೋದನಾದರೂ ಜ್ವರ ಬೆನ್ನು ಬಿಡಲಿಲ್ಲ. ಉನ್ನತ ಪದವಿಯ ಆಸೆಯನ್ನು ತೊರೆದು 1824ರಲ್ಲಿ ಕಾಠಮಾಂಡುವಿಗೆ ಅಂಚೆಯ ಅಧಿಕಾರಿಯಾಗಿ ಹಿಂದಿರುಗಿದನು. ಅಲ್ಲಿಂದ ಮುಂದೆ ಸುಮಾರು 20 ವರ್ಷ ಆ ಕಣಿವೆಯೇ ಆತನ ಪ್ರಪಂಚ. 1833ರಲ್ಲಿ ಆತನೇ ರೆಸಿಡೆಂಟನಾದನು.

ಆ ಕಾಲದ ನೇಪಾಳವೆಂದರೆ ಏನೆಂಬುದನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. 1814ರಿಂದ 1816ರವರೆಗೆ ಕಂಪೆನಿಯೊಡನೆ ಯುದ್ಧ ಮಾಡಿ ಸೋತು, ಸುಗೌಲಿಯ ಒಪ್ಪಂದಕ್ಕೆ ಮನಸ್ಸಿಲ್ಲದೆ ಕೈಯೊಡ್ಡಿದ್ದ ರಾಜ್ಯವದು. ರೆಸಿಡೆಂಟನನ್ನು ಇಟ್ಟುಕೊಂಡಿರಬೇಕೆಂಬ ಕರಾರೇ ಅದಕ್ಕೆ ಅಪಮಾನ. ಆದ್ದರಿಂದ ಬಿಳಿಯರು ಕಣಿವೆಯನ್ನು ದಾಟಿ ಎಲ್ಲಿಯೂ ತಿರುಗಾಡದಂತೆ ದರಬಾರು ಬಿಗಿ ಮಾಡಿತ್ತು. ಮಾತಿಗೆ ಸಿಕ್ಕುವ ಸ್ವದೇಶೀಯರು ಇಬ್ಬರೋ ಮೂವರೋ. ಇಂತಹ ಸೆರೆಯಲ್ಲಿ ಇನ್ನೊಬ್ಬನಾಗಿದ್ದರೆ ಮದ್ಯಕ್ಕೋ ಇಸ್ಪೀಟಿಗೋ ಶರಣು ಹೋಗುತ್ತಿದ್ದನು. ಹಾಡ್ಜ್‌ಸನ್ನನು ತಾನು ಹೋಗಲಾರದ ಬೆಟ್ಟಗಳಿಂದ ಎಲ್ಲವನ್ನೂ ತನ್ನ ಬಳಿಗೆ ತರಿಸಿಕೊಳ್ಳಲು ತೊಡಗಿದನು. ತರಾಯಿಯ ಜೌಗುಗಾಡಿನಿಂದ ಹಿಡಿದು ಹಿಮದ ಅಂಚಿನವರೆಗೆ ಆತನ ಬೇಟೆಗಾರರು ಅಲೆದರು. ಚರ್ಮಗಳನ್ನೂ ಜೀವಂತ ಮೃಗಪಕ್ಷಿಗಳನ್ನೂ ತಂದರು. ಒಳಗಿನ ಒಂದು ಕೋಣೆಯಲ್ಲಿ ನೇಪಾಳದ ಚಿತ್ರಕಾರರು ಕುಳಿತು ಅವುಗಳನ್ನು ಬರೆದರು. ಅವರಲ್ಲಿ ರಾಜಮಾನ್ ಸಿಂಗ್ ಎಂಬುವನ ಹೆಸರು ನಮಗೆ ಉಳಿದಿದೆ. ದೇವತಾಪಟಗಳನ್ನು ಬರೆಯುವ ಪರಂಪರೆಯಿಂದ ಬಂದ ಆ ಕೈಗಳಿಗೆ ಹಾಡ್ಜ್‌ಸನ್ನನು ಜೀವಂತ ಹಕ್ಕಿಯನ್ನು ಎದುರಿಗಿಟ್ಟುಕೊಂಡು ಬರೆಯುವ ಕ್ರಮವನ್ನು ಕಲಿಸಿದನು. ಹಾಳೆಯ ಅಂಚಿನಲ್ಲಿ ಅಳತೆ, ಆಹಾರ, ಸಿಕ್ಕಿದ ಸ್ಥಳ, ಕಾಲ ಇವೆಲ್ಲವೂ ದಾಖಲಾದವು. ಸತ್ತ ಚರ್ಮವನ್ನಷ್ಟೇ ನೋಡಿ ಲಂಡನ್ನಿನಲ್ಲಿ ಶಾಸ್ತ್ರ ಬರೆಯುತ್ತಿದ್ದವರಿಗೆ ಈ ಅಂಚಿನ ಟಿಪ್ಪಣಿಗಳು ಕನಸಿನಲ್ಲಿಯೂ ಸಿಗಲಾರದಂಥವು.

ವಿನೋದವೆನ್ನಿ, ವಿಪರ್ಯಾಸವೆನ್ನಿ: ಇಷ್ಟು ಪ್ರಾಣಿಗಳ ಚರ್ಮವನ್ನು ಸುಲಿಸುತ್ತಿದ್ದ ಈತ ಆರೋಗ್ಯದ ಕಾರಣದಿಂದ ಮಾಂಸಮದ್ಯಗಳೆರಡನ್ನೂ ಬಿಟ್ಟು ಬ್ರಾಹ್ಮಣನಂತೆ ಊಟ ಮಾಡುತ್ತಿದ್ದನು.

ಹಕ್ಕಿಗಳು ಆತನ ಅರ್ಧ ಕೆಲಸ ಮಾತ್ರ. ಪಾಟಣದಲ್ಲಿ ಅಮೃತಾನಂದನೆಂಬ ವೃದ್ಧ ಬೌದ್ಧ ಪಂಡಿತನಿದ್ದನು. ಹಾಡ್ಜ್‌ಸನ್ನನು ಅವನ ಸ್ನೇಹವನ್ನು ಸಂಪಾದಿಸಿ, ಪ್ರಶ್ನೆಗಳನ್ನು ಕೇಳಿ, ಉತ್ತರಗಳನ್ನು ಬರೆದುಕೊಂಡನು. ಭಾರತದ ಬಯಲಿನಲ್ಲಿ ಸಂಪೂರ್ಣವಾಗಿ ಕಣ್ಮರೆಯಾಗಿದ್ದ ಸಂಸ್ಕೃತ ಬೌದ್ಧ ವಾಙ್ಮಯ ನೇಪಾಳದ ವಿಹಾರಗಳಲ್ಲಿ ಇನ್ನೂ ಉಸಿರಾಡುತ್ತಿದೆಯೆಂಬುದು ಈ ಸ್ನೇಹದಿಂದ ಹೊರಬಿದ್ದಿತು. ಆತ ಆ ಹಸ್ತಪ್ರತಿಗಳನ್ನು ಕೊಂಡನು, ನಕಲು ಮಾಡಿಸಿದನು. ತನ್ನಲ್ಲಿ ಕೂಡಿಟ್ಟುಕೊಳ್ಳದೆ ಕಲಕತ್ತೆ, ಲಂಡನ್, ಆಕ್ಸ್‌ಫರ್ಡ್, ಪ್ಯಾರಿಸ್ಸುಗಳಿಗೆ ಹಂಚಿದನು. ಇಂಗ್ಲೆಂಡಿಗೆ ಹೋದ ಕಟ್ಟುಗಳು ಬಹುಕಾಲ ಧೂಳು ತಿಂದವು. ಪ್ಯಾರಿಸ್ಸಿಗೆ ಹೋದವು ಯೂಜೀನ್ ಬರ್ನೂಫನ ಕೈಸೇರಿದವು. ಭಾರತೀಯ ಬೌದ್ಧಧರ್ಮದ ಇತಿಹಾಸವನ್ನು ಕುರಿತು ಬರ್ನೂಫನು 1844ರಲ್ಲಿ ಪ್ರಕಟಿಸಿದ ಮಹಾಗ್ರಂಥ ಅವುಗಳ ತಳಹದಿಯ ಮೇಲೆ ನಿಂತದ್ದು. ಆತ ಮಾಡಿದ ಸದ್ಧರ್ಮಪುಂಡರೀಕದ ಅನುವಾದವನ್ನು ಅವನ ಮರಣಾನಂತರ 1852ರಲ್ಲಿ ಹೊರತಂದಾಗ ಅದು ಹಾಡ್ಜ್‌ಸನ್ನನಿಗೇ ಅರ್ಪಿತವಾಗಿತ್ತು. ಕಲಕತ್ತೆಯಲ್ಲಿ ಉಳಿದ ಪ್ರತಿಗಳನ್ನು ರಾಜೇಂದ್ರಲಾಲ ಮಿತ್ರರು ಪರಿಶೀಲಿಸಿ 1882ರಲ್ಲಿ ಅವುಗಳ ಸಾರಸಂಗ್ರಹವನ್ನು ಪ್ರಕಟಿಸಿದರು. ಆ ಪುಸ್ತಕದಲ್ಲಿದ್ದ ಒಂದು ಕಥೆ ರವೀಂದ್ರನಾಥ ಠಾಕೂರರ ಕೈಯಲ್ಲಿ 1933ರ ಚಂಡಾಲಿಕಾ ನಾಟಕವಾಯಿತು. ಆ ನಾಟಕವನ್ನು ಓದಿದವರಲ್ಲಿ ಎಷ್ಟು ಮಂದಿಗೆ, ಬಾವಿಯ ಬಳಿ ನೀರು ಕೇಳಿದ ಆ ಭಿಕ್ಷುವಿನ ಕಥೆ ಒಬ್ಬ ಜ್ವರಪೀಡಿತ ರೆಸಿಡೆಂಟನ ಪೆಟ್ಟಿಗೆಯನ್ನು ಹಾಯ್ದು ಬಂತೆಂಬುದು ತಿಳಿದೀತು?

ಇನ್ನು ದೇಶಭಾಷೆಯ ವಿಷಯ. 1835ರ ಫೆಬ್ರವರಿಯಲ್ಲಿ ಮೆಕಾಲೆಯ ಪ್ರಸಿದ್ಧ ಟಿಪ್ಪಣಿ ಹೊರಬಂದಿತು. ಸರಕಾರದ ಹಣ ಇಂಗ್ಲಿಷ್ ವಿದ್ಯೆಗೇ ಸಲ್ಲಬೇಕೆಂಬುದು ಅದರ ತಾತ್ಪರ್ಯ. ಅದನ್ನು ವಿರೋಧಿಸಿದವರಲ್ಲಿ ಬಹುಮಂದಿ ಸಂಸ್ಕೃತ, ಅರಬ್ಬಿ, ಪಾರಸಿಗಳ ಪಕ್ಷಪಾತಿಗಳು. ಹಾಡ್ಜ್‌ಸನ್ನನು ಎರಡೂ ಪಕ್ಷಗಳಿಂದ ಹೊರಗೆ ನಿಂತು, ಶ್ರೀರಾಂಪುರದ ಫ್ರೆಂಡ್ ಆಫ್ ಇಂಡಿಯಾ ಪತ್ರಿಕೆಗೆ ಒಂದಾದ ಮೇಲೊಂದು ಪತ್ರ ಬರೆದನು. ಇಂಗ್ಲಿಷಾಗಲಿ ಸಂಸ್ಕೃತವಾಗಲಿ ಕೆಲವೇ ಕೆಲವರ ಸೊತ್ತಾಗುವುದು. ತಿಳಿವಳಿಕೆ ಜನಸಾಮಾನ್ಯಕ್ಕೆ ಇಳಿಯಬೇಕಾದರೆ ಅವರಾಡುವ ಮಾತಿನ ಮೂಲಕವೇ ಇಳಿಯಬೇಕು. ಅದಕ್ಕಾಗಿ ಮೊದಲು ಅಧ್ಯಾಪಕರನ್ನು ತರಬೇತು ಮಾಡುವ ಶಾಲೆ ಬೇಕು, ಒಳ್ಳೆಯ ಅನುವಾದಗಳು ಬೇಕು—ಇದು ಆತನ ವಾದದ ತಿರುಳು. ಸಂಸ್ಕೃತ ಗ್ರಂಥಗಳನ್ನು ಅಷ್ಟೊಂದು ಶ್ರಮಪಟ್ಟು ಕೂಡಿಸಿದವನು ಅದೇ ಸಂಸ್ಕೃತವನ್ನು ಜನತೆಯ ಶಿಕ್ಷಣದ ಮಾಧ್ಯಮವಾಗಿಸಬಾರದೆಂದು ವಾದಿಸಿದನೆಂಬುದನ್ನು ಗಮನಿಸಬೇಕು. ವಾದದಲ್ಲಿ ಆತ ಸೋತನು. ಪಕ್ಕದ ರಾಜ್ಯದ ಬೆಟ್ಟದಿಂದ ಬರೆಯುವ ಒಬ್ಬ ರೆಸಿಡೆಂಟನ ಮಾತಿಗೆ ಗವರ್ನರ್ ಜನರಲ್ಲನ ಮಂತ್ರಿಮಂಡಲದ ಮೆಕಾಲೆಯ ಮಾತಿನ ತೂಕ ಹೇಗೆ ಬಂದೀತು? 1854ರ ಶಿಕ್ಷಣಾಜ್ಞೆಯಲ್ಲಿ ದೇಶಭಾಷೆಗಳಿಗೆ ಸ್ವಲ್ಪ ಸ್ಥಾನ ದೊರೆತಾಗ ಆತ ಸರಕಾರದ ನೌಕರಿಯನ್ನೇ ಬಿಟ್ಟು ಹತ್ತು ವರ್ಷಗಳಾಗಿದ್ದವು. ನಮ್ಮ ಕಾಲೇಜುಗಳಲ್ಲಿ ಮಾಧ್ಯಮದ ಚರ್ಚೆ ನಡೆದಾಗಲೆಲ್ಲ ಮೆಕಾಲೆಯ ಹೆಸರು ಸಾವಿರ ಸಲ ಕೇಳಿಬರುತ್ತದೆ. ಅವನಿಗೆ ಅವನ ಕಾಲದಲ್ಲಿಯೇ, ಅವನ ನುಡಿಯಲ್ಲಿಯೇ, ಉತ್ತರ ಕೊಟ್ಟವನ ಹೆಸರನ್ನು ಯಾರೂ ಎತ್ತುವುದಿಲ್ಲ. ಇದು ನನಗೆ ನ್ಯಾಯವಾಗಿ ಕಾಣುವುದಿಲ್ಲ.

ಹಾಗೆಂದು ಹಾಡ್ಜ್‌ಸನ್ನನನ್ನು ಋಷಿಯನ್ನಾಗಿ ಮಾಡಲು ನಾನು ಹೊರಟಿಲ್ಲ. ಆತ ಕಂಪೆನಿಯ ಊಳಿಗದವನು. ಗೋರ್ಖರನ್ನು ಕಂಪೆನಿಯ ಸೈನ್ಯಕ್ಕೆ ಹೆಚ್ಚು ಹೆಚ್ಚಾಗಿ ಸೇರಿಸಿಕೊಳ್ಳಬೇಕೆಂದು ಸರಕಾರಕ್ಕೆ ವರದಿ ಬರೆದವರಲ್ಲಿ ಆತನೂ ಒಬ್ಬನು. ಮಂತ್ರಿ ಭೀಮಸೇನ ಥಾಪಾ 1837ರಲ್ಲಿ ಅಧಿಕಾರ ಕಳೆದುಕೊಂಡು, 1839ರಲ್ಲಿ ದುರ್ಮರಣಕ್ಕೀಡಾದ ಮೇಲೆ ದರಬಾರಿನಲ್ಲಿ ಎದ್ದ ಒಳಜಗಳಗಳಲ್ಲಿ, ಕಂಪೆನಿಗೆ ಒಲಿದವರೇ ಮಂತ್ರಿಗಳಾಗುವಂತೆ ಆತ ಕೈಯಾಡಿಸಿದನು. ಇನ್ನೊಬ್ಬರ ಮನೆಯ ಆಡಳಿತಕ್ಕೆ ಕೈಹಾಕಿದವನು ಆ ಜಗಳದ ಕೆಸರನ್ನು ತಪ್ಪಿಸಿಕೊಳ್ಳಲಾರ. 1842ರಲ್ಲಿ ಕಾಶೀನಾಥನೆಂಬ ವರ್ತಕನನ್ನು ಮಹಾರಾಜ ರಾಜೇಂದ್ರನು ರೆಸಿಡೆನ್ಸಿಯಲ್ಲಿಯೇ ಬಂಧಿಸಹೊರಟಾಗ, ಹಾಡ್ಜ್‌ಸನ್ನನು ಅವನನ್ನು ತೋಳಿನಿಂದ ತಬ್ಬಿಹಿಡಿದು, ಅವನನ್ನು ಒಯ್ಯುವುದಾದರೆ ತನ್ನನ್ನೂ ಒಯ್ಯಬೇಕಾದೀತೆಂದು ಹಟಹಿಡಿದು ನಿಂತನು. ವರ್ತಕ ಉಳಿದುಕೊಂಡನು. ಆದರೆ ಹೊಸದಾಗಿ ಬಂದಿದ್ದ ಗವರ್ನರ್ ಜನರಲ್ ಎಲೆನ್‌ಬರೋಗೆ ಈ ಬಗೆಯ ರಾಜಕಾರಣ ಸರಿಬೀಳಲಿಲ್ಲ. 20 ವರ್ಷಗಳ ಸೇವೆಯನ್ನು ಲೆಕ್ಕಕ್ಕಿಡದೆ ಹಾಡ್ಜ್‌ಸನ್ನನನ್ನು ರೆಸಿಡೆಂಟ್ ಪದವಿಯಿಂದ ತೆಗೆದು, ಸಿಮ್ಲಾದಲ್ಲಿ ಒಂದು ಕೆಳದರ್ಜೆಯ ಹುದ್ದೆಯನ್ನು ತೋರಿಸಿದನು. ಸ್ವಾಭಿಮಾನಿಯಾದವನು ಮಾಡುವುದನ್ನೇ ಆತ ಮಾಡಿದನು. 1843ರ ಕೊನೆಯಲ್ಲಿ ರಾಜೀನಾಮೆ ಕೊಟ್ಟು ಕಣಿವೆಯನ್ನು ಬಿಟ್ಟನು. ಆತನ ಜಾಗಕ್ಕೆ ಹೆನ್ರಿ ಲಾರೆನ್ಸ್ ಬಂದನು.

ಸಂಗ್ರಹವನ್ನೆಲ್ಲ, ಹಕ್ಕಿಯ ಚರ್ಮಗಳೇ 9 ಸಾವಿರಕ್ಕೂ ಮಿಕ್ಕು, ಬ್ರಿಟಿಷ್ ಮ್ಯೂಸಿಯಮ್ಮಿಗೆ ದಾನವಾಗಿ ಕೊಟ್ಟನು. ಕಾಸನ್ನು ಕೇಳಲಿಲ್ಲ. ಬಣ್ಣದ ಚಿತ್ರಗಳೊಡನೆ ನೇಪಾಳದ ಪ್ರಾಣಿವರ್ಗವನ್ನು ಕುರಿತು ಒಂದು ಮಹಾಗ್ರಂಥವನ್ನು ಹೊರತರಬೇಕೆಂಬುದು ಆತನ ಜೀವದ ಆಸೆ. ಚಂದಾದಾರರು ಸಾಲದೆ ಹೋದರು, ಖರ್ಚು ಅಪಾರ, ಗ್ರಂಥ ಹುಟ್ಟಲಿಲ್ಲ. ಅದರ ಫಲವನ್ನು ಆತ ಮುಂದೆ ಉಣ್ಣಬೇಕಾಯಿತು. ಪ್ರಾಣಿಶಾಸ್ತ್ರದಲ್ಲಿ ವರ್ಣನೆಯನ್ನು ಮೊದಲು ಅಚ್ಚುಮಾಡಿದವನಿಗೇ ಹೆಸರಿನ ಹಕ್ಕು; ಮೊದಲು ಕಂಡವನಿಗಲ್ಲ. 1844ರಲ್ಲಿ ಆತ ಪ್ರಕಟಿಸಿದ ದೀರ್ಘವಾದ ಪಟ್ಟಿಯಲ್ಲಿ ಎಷ್ಟೋ ಹೆಸರುಗಳಿಗೆ ವರ್ಣನೆಯಿರಲಿಲ್ಲವಾಗಿ ಅವು ಶಾಸ್ತ್ರದ ದೃಷ್ಟಿಯಿಂದ ಸಿಂಧುವಾಗಲಿಲ್ಲ. ಕಾಠಮಾಂಡುವಿನ ಕೋಣೆಯಲ್ಲಿ ಆತನೇ ಮೊದಲು ಕೈಯಲ್ಲಿ ಹಿಡಿದು ನೋಡಿದ ಹಲವು ಹಕ್ಕಿಗಳ ಹಿಂದೆ ಇಂದು ಕಲಕತ್ತೆಯ ಬ್ಲೈತ್ ಮೊದಲಾದವರ ಹೆಸರುಗಳಿವೆ. ಬೆಳ್ಳಿಗಿವಿಯ ಹಕ್ಕಿಯಂಥವು ಆತನ ಹೆಸರಿನಲ್ಲಿಯೇ ಉಳಿದದ್ದು, ಅವುಗಳನ್ನು ಕಾಲಕ್ಕೆ ಸರಿಯಾಗಿ ಪತ್ರಿಕೆಗೆ ಕಳುಹಿಸಿದ್ದರಿಂದ.

ಇಂಗ್ಲೆಂಡಿನಲ್ಲಿ ಮನಸ್ಸು ನಿಲ್ಲದೆ 1845ರಲ್ಲಿಯೇ ಭಾರತಕ್ಕೆ ಮರಳಿದನು. ನೇಪಾಳದಲ್ಲಿ ಖಾಸಗಿ ಮನುಷ್ಯನಾಗಿಯಾದರೂ ವಾಸಿಸಲು ಅಪ್ಪಣೆ ಸಿಗಲಿಲ್ಲ. ಡಾರ್ಜಿಲಿಂಗಿನಲ್ಲಿ ನೆಲೆಸಿ 13 ವರ್ಷಗಳನ್ನು ಒಂಟಿಯಂತೆ, ಕಾಗದ ಪತ್ರಗಳ ನಡುವೆ ಕಳೆದನು. 1848ರಲ್ಲಿ ಸಸ್ಯಶಾಸ್ತ್ರಜ್ಞ ಜೋಸೆಫ್ ಹೂಕರ್ ಅಲ್ಲಿಗೆ ಬಂದು ಆತನ ಮನೆಯನ್ನೇ ಬೀಡಾಗಿ ಮಾಡಿಕೊಂಡನು. ಸಿಕ್ಕಿಮಿನ ಒಂದು ರೋಡೋಡೆಂಡ್ರನ್ ಮರಕ್ಕೆ ಗೆಳೆಯನ ಹೆಸರನ್ನಿಟ್ಟದ್ದಲ್ಲದೆ ಮುಂದೆ ತನ್ನ ಮಗನೊಬ್ಬನಿಗೂ ಹೂಕರ್ ಬ್ರಯನ್ ಎಂದೇ ಹೆಸರಿಟ್ಟನು.

ಈ ವರ್ಷಗಳಲ್ಲಿ ಹಾಡ್ಜ್‌ಸನ್ನನ ಗಮನ ಬೆಟ್ಟದ ಬುಡಕಟ್ಟುಗಳ ಭಾಷೆಗಳ ಕಡೆಗೆ ಹೆಚ್ಚಾಗಿ ತಿರುಗಿತು. ಇಲ್ಲಿ ಆತನಿಗೂ ನಮ್ಮ ನುಡಿಗೂ ಒಂದು ನಂಟಿದೆ. ಹಿಮಾಲಯಕ್ಕೆ ನಿಲ್ಲದೆ ಆತ ದಕ್ಷಿಣದಿಂದಲೂ ಶಬ್ದಪಟ್ಟಿಗಳನ್ನು ತರಿಸಿಕೊಂಡು, ನೀಲಗಿರಿಯ ತೊದವ, ಕೋತ, ಬಡಗ, ಕುರುಂಬ, ಇರುಳರ ಮಾತುಗಳನ್ನು ಕುರಿತು 1856ರಲ್ಲಿ ಬಂಗಾಳದ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಬರೆದನು. ಕನ್ನಡದ ಒಡಹುಟ್ಟಿದ ಬಡಗ ನುಡಿಯ ಶಬ್ದಗಳು ಹೀಗೆ ಡಾರ್ಜಿಲಿಂಗಿನ ಮಂಜಿನಲ್ಲಿ ಕುಳಿತವನೊಬ್ಬನ ಮೇಜನ್ನು ಸೇರಿದವು. ಹಿಮಾಲಯದ ಬುಡಕಟ್ಟುಗಳ ಭಾಷೆಗಳಿಗೂ ದ್ರಾವಿಡ ಭಾಷೆಗಳಿಗೂ ಮೂಲ ಒಂದೇ ಎಂಬ ಆತನ ಊಹೆ ನಿಲ್ಲಲಿಲ್ಲ. ಅದೇ 1856ರಲ್ಲಿ ಹೊರಬಂದ ಕಾಲ್ಡ್‌ವೆಲ್ಲನ ವ್ಯಾಕರಣ ದ್ರಾವಿಡ ಭಾಷೆಗಳನ್ನು ಬೇರೆಯೇ ಕುಟುಂಬವಾಗಿ ಸ್ಥಾಪಿಸಿತು. ಊಹೆ ಬಿದ್ದರೂ ಪಟ್ಟಿಗಳು ಬೀಳಲಿಲ್ಲ. ಯಾವ ಲಿಪಿಯೂ ಇಲ್ಲದ ಎಷ್ಟೋ ಬೆಟ್ಟದ ಮಾತುಗಳ ಮೊಟ್ಟಮೊದಲ ದಾಖಲೆ ಅವು.

ಆತನ ಖಾಸಗಿ ಬದುಕಿನ ಬಗ್ಗೆ ಹಳೆಯ ಚರಿತ್ರಕಾರರು ಹೆಚ್ಚು ಹೇಳುವುದಿಲ್ಲ. ಕಾಠಮಾಂಡುವಿನಲ್ಲಿ ಮೆಹರುನ್ನಿಸಾ ಎಂಬ ಕಾಶ್ಮೀರಿ ಮುಸಲ್ಮಾನ ಸ್ತ್ರೀಯೊಡನೆ ಆತ ಸಂಸಾರ ಹೂಡಿದ್ದನು. ಹೆನ್ರಿ, ಸಾರಾ ಎಂಬ ಇಬ್ಬರು ಮಕ್ಕಳು. ಮಿಶ್ರ ಸಂತಾನಕ್ಕೆ ಅಂದಿನ ಕಲಕತ್ತೆಯ ಬಿಳಿಯ ಸಮಾಜದಲ್ಲಿ ಮರ್ಯಾದೆಯಿಲ್ಲವೆಂದು ಬಲ್ಲ ತಂದೆ ಅವರನ್ನು ಹಾಲೆಂಡಿನಲ್ಲಿದ್ದ ತನ್ನ ತಂಗಿ ಫ್ಯಾನಿಯ ಬಳಿಗೆ ಕಳುಹಿಸಿದನು. ಮಗಳು ಅಲ್ಲಿಯೇ ಎಳೆಯ ವಯಸ್ಸಿನಲ್ಲಿ ತೀರಿಕೊಂಡಳು. ತಂದೆಯ ಬಳಿಗೆ ಡಾರ್ಜಿಲಿಂಗಿಗೆ ಬಂದ ಮಗ ಅಲ್ಲಿ ಸತ್ತನು. ಭಾರತದಲ್ಲಿ ಕೆಲಸಕ್ಕಿದ್ದ ಇಬ್ಬರು ತಮ್ಮಂದಿರೂ ಅದಕ್ಕೆ ಮೊದಲೇ ಹೋಗಿದ್ದರು. ಹಕ್ಕಿಗಳ ರೆಕ್ಕೆಗಳ ಅಳತೆಯನ್ನು ಅಷ್ಟು ನಿಷ್ಠೆಯಿಂದ ಬರೆದಿಟ್ಟ ಮನೆಯಲ್ಲಿ ಮೆಹರುನ್ನಿಸಾಳ ಕೊನೆಗಾಲದ ಬಗ್ಗೆ ಒಂದು ಸಾಲು ಸಿಗಬಾರದೇ ಎಂದು ಈ ಚರಿತ್ರೆಯನ್ನು ಓದುವಾಗ ನನಗೆ ಅನ್ನಿಸಿದೆ.

1853ರಲ್ಲಿ ಯೂರೋಪಿಗೆ ಹೋದಾಗ ಆನ್ ಸ್ಕಾಟ್ ಎಂಬಾಕೆಯನ್ನು ಮದುವೆಯಾದನು. 1857ರ ದಂಗೆಯ ಕಾಲದಲ್ಲಿ ಜಂಗ್ ಬಹಾದುರನ ಸೈನ್ಯದ ನೆರವನ್ನು ಒಪ್ಪಿಕೊಳ್ಳಬೇಕೆಂದು ಕ್ಯಾನಿಂಗನಿಗೆ ಸಲಹೆ ಕೊಟ್ಟದ್ದು ಆತನ ಕೊನೆಯ ರಾಜಕಾರ್ಯ. 1858ರಲ್ಲಿ ಭಾರತವನ್ನು ಶಾಶ್ವತವಾಗಿ ಬಿಟ್ಟು ಗ್ಲಾಸ್ಟರ್‌ಷೈರಿನ ಹಳ್ಳಿಗಾಡನ್ನು ಸೇರಿದನು. ಹೆಂಡತಿ 1868ರಲ್ಲಿ ತೀರಿಕೊಂಡ ಮೇಲೆ ಮರುವರ್ಷ ಸೂಸನ್ ಟೌನ್‌ಷೆಂಡ್ ಎಂಬಾಕೆಯ ಕೈಹಿಡಿದನು. ಬಂಗಾಳದ ವೈದ್ಯನು ಗೋರಿಯ ದಾರಿಯನ್ನು ತೋರಿಸಿದ್ದ ಈ ಮನುಷ್ಯ 68ರ ವಯಸ್ಸಿನವರೆಗೆ ಕುದುರೆಯೇರಿ ಬೇಟೆನಾಯಿಗಳ ಹಿಂದೆ ಓಡುತ್ತಿದ್ದನಂತೆ! ಫ್ರಾನ್ಸ್ ದೇಶ 1838ರಷ್ಟು ಹಿಂದೆಯೇ ತನ್ನ ಗೌರವಪದಕವನ್ನಿತ್ತಿತ್ತು. ಲಂಡನ್ನಿನ ರಾಯಲ್ ಸೊಸೈಟಿ 1877ರಲ್ಲಿ, ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯ 1889ರಲ್ಲಿ ಮನ್ನಿಸಿದವು. ಆತ ದುಡಿದ ಸರಕಾರದಿಂದ ಒಂದು ಬಿರುದೂ ಬರಲಿಲ್ಲ.

ಮೇಸಿಯಾ ಎಂಬ ಕುಲನಾಮವನ್ನು ಇಂದಿನ ಶಾಸ್ತ್ರಜ್ಞರು ಕೈಬಿಟ್ಟು ಹಕ್ಕಿಯನ್ನು ಲಿಯೋಥ್ರಿಕ್ಸ್ ಎಂಬ ಕುಲದಲ್ಲಿ ಸೇರಿಸಿದ್ದಾರೆ. ಆದರೆ ಶಾಸ್ತ್ರ ಬಿಟ್ಟ ಮಾತನ್ನು ಬಳಕೆಯ ಇಂಗ್ಲಿಷ್ ಬಿಡಲಿಲ್ಲ. ಅದರಲ್ಲಿ ಈ ಹಕ್ಕಿ ಇಂದಿಗೂ ಬೆಳ್ಳಿಗಿವಿಯ ಮೇಸಿಯಾ. ಅದರ ಬಣ್ಣವೂ ಹಾಡೂ ಅದಕ್ಕೇ ಮುಳುವಾಗಿವೆ. ಪಂಜರದ ವ್ಯಾಪಾರಕ್ಕಾಗಿ, ವಿಶೇಷವಾಗಿ ಸುಮಾತ್ರಾದಲ್ಲಿ, ಬಲೆಯೊಡ್ಡಿ ಹಿಡಿಯುವವರು ಬಹಳ. 1997ರಿಂದ ಅದರ ಅಂತರರಾಷ್ಟ್ರೀಯ ವ್ಯಾಪಾರವನ್ನು ಒಪ್ಪಂದದ ಮೂಲಕ ನಿಯಂತ್ರಣಕ್ಕೆ ತರಲಾಗಿದೆ.

ಹಾಡ್ಜ್‌ಸನ್ನನು 1894ರ ಮೇ 23ರಂದು ಲಂಡನ್ನಿನಲ್ಲಿ ತೀರಿಕೊಂಡನು. ಮಂಗಳೂರಿನಲ್ಲಿ ಕಿಟ್ಟೆಲರ ನಿಘಂಟು ಅಚ್ಚಾಗಿ ಹೊರಬಂದ ವರ್ಷವದು. ಆಲ್ಡರ್ಲಿ ಎಂಬ ಹಳ್ಳಿಯ ಇಗರ್ಜಿಯ ಅಂಗಳದಲ್ಲಿ ಆತನ ಸಮಾಧಿಯಿದೆ. ರಾಜಮಾನ್ ಸಿಂಗನೂ ಅವನ ಜೊತೆಗಾರರೂ ಬರೆದ ಚಿತ್ರಗಳು ಲಂಡನ್ನಿನ ಪ್ರಾಣಿಶಾಸ್ತ್ರ ಸಂಘದಲ್ಲಿಯೂ ನಿಸರ್ಗ ಚರಿತ್ರೆಯ ವಸ್ತುಸಂಗ್ರಹಾಲಯದಲ್ಲಿಯೂ ಭದ್ರವಾಗಿವೆ. ಅಂಚಿನ ಟಿಪ್ಪಣಿಗಳನ್ನು ವಿದ್ವಾಂಸರು ಇನ್ನೂ ಓದುತ್ತಿದ್ದಾರೆ.